ಕಳ್ಳಿಯ ಕುಟುಂಬ: ವರ್ಗೀಕರಣದ ಚರಿತ್ರೆ, ಗಿಡಗಳ ಸಂಚಾರ ಮತ್ತು ನಮ್ಮ ಅರ್ಥಕೋಶಗಳು

1

ಹಳಗನ್ನಡ, ನಡುಗನ್ನಡ ಗ್ರಂಥಗಳ ಸಂಪಾದನೆಯಲ್ಲಿ ಪಾಠಾಂತರಗಳಿಗೆ ಸಲ್ಲುವ ಎಚ್ಚರ ಗಿಡಮರಗಳ ಹೆಸರಿಗೆ ಸಲ್ಲುವುದಿಲ್ಲ. ಒಂದು ವಿಭಕ್ತಿಪ್ರತ್ಯಯಕ್ಕಾಗಿ ಮೂರು ಓಲೆಪ್ರತಿಗಳನ್ನು ತಿರುವಿಹಾಕುವ ವಿದ್ವಾಂಸರು ಸಸ್ಯವೊಂದರ ಹೆಸರು ಬಂದಾಗ ‘ಒಂದು ಬಗೆಯ ಗಿಡ’ ಎಂದು ಬರೆದು ಮುಂದೆ ಸಾಗುತ್ತಾರೆ. ಇದು ನಿರಪಾಯವಾದ ಅಜ್ಞಾನ. ಇದಕ್ಕಿಂತ ಅಪಾಯಕರವಾದುದು ತಿಳಿದಿದೆಯೆಂದು ಭಾವಿಸಿ ಬರೆಯುವುದು. ಈ ಎರಡನೆಯ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬನಾದುದರಿಂದ ಇಲ್ಲಿ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಪ್ರಸ್ತಾಪಿಸಲು ಅಪ್ಪಣೆ ಬೇಡುತ್ತೇನೆ.

ಸಂಶೋಧನೆಯ ಆರಂಭದ ದಿನಗಳಲ್ಲಿ ನಡುಗನ್ನಡದ ಕಾವ್ಯವೊಂದರ ಅರ್ಥಕೋಶವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ‘ಕಳ್ಳಿ’ ಎಂಬ ಮಾತಿಗೆ ನಾನು ‘ಪಾಪಾಸುಕಳ್ಳಿ’ ಎಂದು ಅರ್ಥ ಬರೆದೆ. ಬಾಲ್ಯದಲ್ಲಿ ನಾನು ಕಂಡ ಕಳ್ಳಿ ಅದೇ ಆಗಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪುಣೆಯ ವಿಚಾರಗೋಷ್ಠಿಯೊಂದರಲ್ಲಿ ಆ ಪದ್ಯವನ್ನು ವಿವರಿಸುತ್ತಿದ್ದಾಗ ಸಭೆಯಲ್ಲಿದ್ದ ನಿವೃತ್ತ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಎದ್ದು ನಿಂತು, “ಸರ್, ನಿಮ್ಮ ಕವಿ ಕಳ್ಳಿಯ ಹಾಲು ಎನ್ನುತ್ತಾನೆ. ಪಾಪಾಸುಕಳ್ಳಿಯಲ್ಲಿ ಹಾಲೆಲ್ಲಿದೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕುಳಿತುಕೊಳ್ಳುವ ಮುನ್ನ ಇನ್ನೊಂದು ಮಾತನ್ನೂ ಸೇರಿಸಿದರು: “ಆ ಗಿಡ ಆಗ ಈ ದೇಶದಲ್ಲೇ ಇರಲಿಲ್ಲ.”

ಈ ಎರಡು ವಾಕ್ಯಗಳು ನನ್ನನ್ನು ಯೂಫೋರ್ಬಿಯೇಸೀ ಎಂಬ ಕುಟುಂಬದ ಕಡೆಗೆ ಎಳೆದೊಯ್ದವು. ಕಳ್ಳಿ, ಔಡಲ, ಮರಹರಳು, ಜಾಪಾಳ, ಮರಗೆಣಸು, ತೋಟದ ಪಾಯಿನ್‌ಸೆಟಿಯ ಮತ್ತು ಕ್ರೋಟನ್‌ಗಳೆಲ್ಲ ಸೇರಿರುವ ಕುಟುಂಬವದು. ಇದರ ಪ್ರಭೇದಗಳು 6,000ಕ್ಕೂ ಹೆಚ್ಚು. ಯೂಫೋರ್ಬಿಯ ಎಂಬ ಜಾತಿಯೊಂದರಲ್ಲಿಯೇ ಸುಮಾರು 2,000 ಪ್ರಭೇದಗಳಿವೆ. ಸಸ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಗ್ರಂಥಸಂಪಾದಕನಿಗೆ ಆ ಶಾಸ್ತ್ರದ ಚರಿತ್ರೆಯಿಂದ ಏನು ದೊರೆಯುತ್ತದೆ ಎಂಬುದಷ್ಟೇ ಪ್ರಸ್ತುತ ಲೇಖನದ ವ್ಯಾಪ್ತಿ.

2

ಯೂಫೋರ್ಬಿಯ ಎಂಬುದು ಒಬ್ಬ ವೈದ್ಯನ ಹೆಸರು. ಉತ್ತರ ಆಫ್ರಿಕದ ಮೌರಿಟಾನಿಯವನ್ನು ಆಳಿದ ಎರಡನೆಯ ಜೂಬ, ಅಟ್ಲಾಸ್ ಪರ್ವತದಲ್ಲಿ ಕಂಡ ಹಾಲುಗಿಡವೊಂದಕ್ಕೆ ತನ್ನ ವೈದ್ಯ ಯೂಫೋರ್ಬಸನ ಹೆಸರನ್ನಿಟ್ಟನೆಂದು ರೋಮಿನ ಪ್ಲಿನಿ ದಾಖಲಿಸಿದ್ದಾನೆ. ಜೂಬ ತೀರಿಕೊಂಡದ್ದು ಕ್ರಿ.ಶ. 23ರ ಸುಮಾರಿಗೆ. ಯೂಫೋರ್ಬಸನ ಸಹೋದರ ಆಂಟೋನಿಯಸ್ ಮ್ಯೂಸ ಚಕ್ರವರ್ತಿ ಅಗಸ್ಟಸನ ವೈದ್ಯ. ಆ ಗಿಡ ನಮ್ಮ ಕಳ್ಳಿಯಂತೆಯೇ ಎಲೆಯಿಲ್ಲದ, ಮೂಲೆಮೂಲೆಯಾದ ದಪ್ಪ ಕಾಂಡದ, ಮುಳ್ಳಿನ ಗಿಡ. ಅದರ ಒಣಗಿದ ಹಾಲು ‘ಫರ್ಫಿಯೂನ್’ ಎಂಬ ಹೆಸರಿನಲ್ಲಿ ಅರಬ್ಬರ ಮೂಲಕ ಯುನಾನಿ ವೈದ್ಯಕ್ಕೆ ಬಂದಿತು. ಹೈದರಾಬಾದಿನ ಓದುಗರಿಗೆ ಈ ಹೆಸರು ಅಪರಿಚಿತವಾಗಿರಲಾರದು.

ನಮ್ಮಲ್ಲಿಯೂ ಈ ಗಿಡಗಳು ಮೊದಲು ಗ್ರಂಥಸ್ಥವಾದದ್ದು ವೈದ್ಯರ ಕೈಯಲ್ಲಿಯೇ. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಕಳ್ಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಅದರ ಹೆಸರು ‘ಸುಧಾಕಲ್ಪ’. ಇಲ್ಲಿ ಸುಧಾ ಎಂದರೆ ಅಮೃತವಲ್ಲ, ಸ್ನುಹಿ ಅಥವಾ ಕಳ್ಳಿ. ಭೇದಿ ಮಾಡಿಸುವ ದ್ರವ್ಯಗಳಲ್ಲೆಲ್ಲ ಇದು ಅತ್ಯಂತ ತೀಕ್ಷ್ಣವೆಂದೂ ಅರಿಯದವನ ಕೈಯಲ್ಲಿ ಅನಾಹುತಕರವೆಂದೂ ಅಲ್ಲಿ ಎಚ್ಚರಿಕೆಯಿದೆ. ಕನ್ನಡದ ವೈದ್ಯಗ್ರಂಥಗಳಲ್ಲಿ ಸುಧೆ ಎಂಬ ಮಾತು ಬಂದಾಗ ಕಾವ್ಯಾಭ್ಯಾಸದ ಬಲದಿಂದ ಅದನ್ನು ಅಮೃತವೆಂದೋ, ಹಾಲೆಂದೋ, ಸುಣ್ಣವೆಂದೋ ಬಿಡಿಸಿಕೊಳ್ಳುವುದು ಎಷ್ಟು ದೊಡ್ಡ ಎಡವಟ್ಟಾದೀತೆಂಬುದನ್ನು ಹೇಳಬೇಕಾಗಿಲ್ಲ.

ಚರಕಸಂಹಿತೆ ಈ ಗಿಡವನ್ನು ಎರಡಾಗಿ ವಿಂಗಡಿಸುತ್ತದೆ: ಮುಳ್ಳು ಕಡಮೆಯಿರುವುದು, ಮುಳ್ಳು ಬಹಳವಿರುವುದು. ಎರಡನೆಯದು ಶ್ರೇಷ್ಠ. ಇದು ಸರಳವಾದ ವರ್ಗೀಕರಣವಾದರೂ ಕಣ್ಣಿಟ್ಟು ನೋಡಿ ಮಾಡಿದ್ದು. ಮುಳ್ಳೇ ಇಲ್ಲದ ಕಳ್ಳಿಗೆ ಇದರಲ್ಲಿ ಸ್ಥಾನವಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಅಂಶ ಮುಂದೆ ಪ್ರಯೋಜನಕ್ಕೆ ಬರುತ್ತದೆ. ಅಮರಕೋಶದಲ್ಲಿ ಸ್ನುಹಿಗೆ ಬರುವ ‘ಸಮಂತದುಗ್ಧಾ’ ಎಂಬ ಪರ್ಯಾಯಪದವೂ ಇಲ್ಲಿ ಗಮನಾರ್ಹ. ಎಲ್ಲಿ ಗೀರಿದರೂ ಹಾಲು ಬರುವುದು ಎಂದು ಅದರ ಅರ್ಥ. ಪುಣೆಯ ಆ ಅಧ್ಯಾಪಕರು ಕೇಳಿದ ಪ್ರಶ್ನೆಗೆ ಅಮರಸಿಂಹ ಒಂದೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ಉತ್ತರ ಬರೆದಿಟ್ಟಿದ್ದ. ನಾನು ನೋಡಿರಲಿಲ್ಲ, ಅಷ್ಟೆ.

3

ಆಧುನಿಕ ಸಸ್ಯಶಾಸ್ತ್ರದಲ್ಲಿ ‘ಕಳ್ಳಿ’ ಎಂಬ ದ್ರಾವಿಡ ಶಬ್ದವೇ ಒಂದು ವೈಜ್ಞಾನಿಕ ನಾಮದ ಅಂಗವಾಗಿ ಉಳಿದಿರುವುದು ನಮ್ಮವರಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ. ಅದರ ಕಥೆ ಕೊಚ್ಚಿಯಲ್ಲಿ ಮೊದಲಾಗುತ್ತದೆ. 1670ರಿಂದ 1677ರವರೆಗೆ ಡಚ್ಚರ ಮಲಬಾರಿನ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಅಲ್ಲಿನ ಸಸ್ಯಗಳನ್ನು ಕುರಿತು ‘ಹೋರ್ಟಸ್ ಮಲಬಾರಿಕಸ್’ ಎಂಬ ಬೃಹದ್ಗ್ರಂಥವನ್ನು ಸಿದ್ಧಪಡಿಸಿದ. ಅದರ ಹನ್ನೆರಡು ಸಂಪುಟಗಳು 1678ರಿಂದ 1693ರ ಅವಧಿಯಲ್ಲಿ ಆಮ್ಸ್ಟರ್‌ಡಾಮಿನಲ್ಲಿ ಅಚ್ಚಾದವು. ಗ್ರಂಥದ ಜ್ಞಾನದ ಬೆನ್ನೆಲುಬಾಗಿದ್ದವನು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ. ಅವನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರೂ ಶ್ರಮಿಸಿದರು. ಚಿತ್ರಫಲಕಗಳಲ್ಲಿ ಗಿಡದ ಹೆಸರನ್ನು ರೋಮನ್ ಲಿಪಿಯಲ್ಲಷ್ಟೇ ಅಲ್ಲದೆ ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲಿಯೂ ಕೆತ್ತಿಸಿದ್ದಾರೆ. ಲ್ಯಾಟಿನ್ನಿನಲ್ಲಿದ್ದ ಈ ಗ್ರಂಥವನ್ನು ದಶಕಗಳ ಕಾಲ ದುಡಿದು ಇಂಗ್ಲಿಷಿಗೆ ತಂದವರು ಕೆ.ಎಸ್. ಮಣಿಲಾಲ್, ಕೇರಳ ವಿಶ್ವವಿದ್ಯಾಲಯ ಅದನ್ನು 2003ರಲ್ಲಿ ಪ್ರಕಟಿಸಿತು. ದ್ರಾವಿಡ ಸಸ್ಯನಾಮಗಳ ಅಧ್ಯಯನ ಮಾಡುವವರು ಇದನ್ನು ನೋಡದೆ ಮುಂದುವರಿಯಲಾಗದು.

1679ರಲ್ಲಿ ಹೊರಬಂದ ಎರಡನೆಯ ಸಂಪುಟದಲ್ಲಿ ಮೂರು ಕಳ್ಳಿಗಳ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ: ‘ಶದಿದ ಕಳ್ಳಿ’, ‘ಎಲ ಕಳ್ಳಿ’, ‘ತಿರು ಕಳ್ಳಿ’. ಮೊದಲನೆಯದು ಚತುರಕ್ಕಳ್ಳಿ ಎಂಬುದರ ಡಚ್ ಕಿವಿಯ ರೂಪವಾಗಿರಬೇಕು, ಎರಡನೆಯದು ನಮ್ಮ ಎಲೆಗಳ್ಳಿ. ಸ್ವೀಡನ್ನಿನ ಲಿನೇಯಸ್ 1753ರ ತನ್ನ ‘ಸ್ಪೀಸೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಮೂರನೆಯದನ್ನು ‘ಯೂಫೋರ್ಬಿಯ ತಿರುಕಳ್ಳಿ’ ಎಂದು ಹೆಸರಿಸಿದ. ಅವನು ಭಾರತವನ್ನು ಕಂಡವನಲ್ಲ. ಅವನ ಮುಂದಿದ್ದುದು ರೀಡನ ಆ ಚಿತ್ರ. ಸಸ್ಯಶಾಸ್ತ್ರದ ನಿಯಮದಂತೆ ಆ ಹೆಸರಿಗೆ ಇಂದಿಗೂ ಪ್ರಮಾಣವೆನಿಸಿರುವುದು ಆ ಚಿತ್ರವೇ. ಆಫ್ರಿಕದ ಅರಸನೊಬ್ಬನ ವೈದ್ಯನಿಗೆ ಸಂದ ಗ್ರೀಕ್ ಹೆಸರಿನ ಪಕ್ಕದಲ್ಲಿ ಇಟ್ಟಿ ಅಚ್ಯುತನ್ ನುಡಿದ ಶಬ್ದ ಹೀಗೆ ನಿಂತಿತು.

‘ತಿರು’ ಎಂಬುದನ್ನು ಕೂಡಲೇ ‘ಶ್ರೀ’ ಎಂದು ತಿಳಿದು ಪವಿತ್ರವಾದ ಕಳ್ಳಿ ಎನ್ನುವವರಿದ್ದಾರೆ. ತಮಿಳಿನಲ್ಲಿ ಇದೇ ಗಿಡಕ್ಕೆ ‘ತಿರುಕುಕಳ್ಳಿ’ ಎಂಬ ಹೆಸರೂ ಇದೆ. ಅಲ್ಲಿ ‘ತಿರುಕು’ ಎಂದರೆ ತಿರುಚು. ಕಡ್ಡಿಯಂತಹ ಕೊಂಬೆಗಳು ಹೆಣೆದುಕೊಂಡು ಬೆಳೆಯುವ ಗಿಡಕ್ಕೆ ಈ ಅರ್ಥವೇ ಹೆಚ್ಚು ಒಪ್ಪುತ್ತದೆಂದು ನನ್ನ ಭಾವನೆ. ನಿರುಕ್ತಿಯಲ್ಲಿ ಭಕ್ತಿಗಿಂತ ಗಿಡವನ್ನು ನೋಡುವುದು ಮೇಲು.

ಆದರೆ ಈ ಕಥೆಯಲ್ಲಿ ಒಂದು ತಿರುವಿದೆ. ದ್ರಾವಿಡ ಹೆಸರನ್ನು ಹೊತ್ತು ಲೋಕವಿಖ್ಯಾತವಾದ ಈ ಗಿಡದ ತವರು ದಕ್ಷಿಣ ಭಾರತವಲ್ಲ. ಸಸ್ಯಶಾಸ್ತ್ರಜ್ಞರು ಅದರ ನಿಜವಾದ ನೆಲೆ ಆಫ್ರಿಕದ ಪೂರ್ವ ಮತ್ತು ದಕ್ಷಿಣ ಭಾಗಗಳೆಂದು ಗುರುತಿಸುತ್ತಾರೆ. ನಮ್ಮಲ್ಲಿ ಅದು ಕಾಡಿನ ಗಿಡವಾಗಿ ಕಾಣುವುದು ಅಪೂರ್ವ. ಹೊಲದ ಬದುವಿನಲ್ಲಿ, ಹಿತ್ತಿಲ ಬೇಲಿಯಲ್ಲಿ, ಊರಿನ ಅಂಚಿನಲ್ಲಿ ಅದು ಮನುಷ್ಯನನ್ನು ಹಿಂಬಾಲಿಸಿಕೊಂಡು ಬೆಳೆಯುತ್ತದೆ. ರೀಡನ ಕಾಲಕ್ಕೆ ಅದಕ್ಕೆ ಸ್ಥಿರವಾದ ದೇಶೀ ಹೆಸರಿದ್ದಿತಾದ್ದರಿಂದ ಅದು ಆಗಲೇ ಹಳಬನಾಗಿತ್ತೆಂಬುದು ಸ್ಪಷ್ಟ. ಅರಬ್ಬೀ ಸಮುದ್ರದ ವ್ಯಾಪಾರಿಗಳು ಅದನ್ನು ತಂದಿರಬಹುದು. ಅದು ಮುಳ್ಳಿಲ್ಲದ ಕಳ್ಳಿ ಎಂಬುದನ್ನೂ ಚರಕಸಂಹಿತೆಯ ಎರಡು ವಿಭಾಗಗಳಲ್ಲಿ ಅದಕ್ಕೆ ಎಡೆಯಿಲ್ಲವೆಂಬುದನ್ನೂ ಒಟ್ಟಿಗೆ ನೋಡಿದರೆ ಈ ಊಹೆಗೆ ಸ್ವಲ್ಪ ಬಲ ಬರುತ್ತದೆ. ಒಂದು ಗ್ರಂಥದ ಮೌನವನ್ನು ಸಾಕ್ಷ್ಯವೆಂದು ಪರಿಗಣಿಸುವುದರ ಮಿತಿಯನ್ನು ಬಲ್ಲೆನಾದ್ದರಿಂದ ಇದನ್ನು ನಿರ್ಣಯವೆಂದು ಮಂಡಿಸುತ್ತಿಲ್ಲ.

ಇನ್ನುಳಿದ ದೊಡ್ಡ ಕಳ್ಳಿಗಳು ನಮ್ಮ ನೆಲದವೇ. ರೀಡನ ಮೊದಲನೆಯ ಕಳ್ಳಿಯಾದ ಯೂಫೋರ್ಬಿಯ ಆಂಟಿಕೋರಮ್, ಎಲೆಗಳ್ಳಿಯ ಬಗೆಯಾದ ನಿವೂಲಿಯ ಇವು ದಕ್ಷಿಣ ಪ್ರಸ್ಥಭೂಮಿಯ ಕಲ್ಲುಗುಡ್ಡಗಳಲ್ಲಿವೆ. ಕೆಡುಸಿಫೋಲಿಯ ರಾಜಸ್ಥಾನ, ಗುಜರಾತುಗಳ ಒಣನೆಲದ್ದು. ರಾಯ್ಲಿಯಾನ ಶಿವಾಲಿಕ್ ಮತ್ತು ಹಿಮಾಲಯದ ಕೆಳ ಇಳಿಜಾರುಗಳದು. ಸಹಾರನ್‌ಪುರದ ಸಸ್ಯೋದ್ಯಾನದಲ್ಲಿದ್ದ ರಾಯ್ಲ್ ಎಂಬವನ ಹೆಸರು ಅದಕ್ಕಿದೆ. ದೆಹಲಿಯಿಂದ ಡೆಹರಾಡೂನಿನ ಕಡೆಗೆ ಹೋಗುವ ಕನ್ನಡಿಗರು ಬೆಟ್ಟದ ಬುಡದಲ್ಲಿ ‘ನಮ್ಮೂರ ಕಳ್ಳಿ’ ಎಂದು ಗುರುತಿಸುವುದು ಇದನ್ನೇ. ನಿವೂಲಿಯಕ್ಕೆ ಹೆಸರಿಟ್ಟ ಬುಕಾನನ್ ಹ್ಯಾಮಿಲ್ಟನ್ ನಮಗೆ ಬೇರೊಂದು ಕಾರಣಕ್ಕೆ ಪರಿಚಿತ. ಟಿಪ್ಪುವಿನ ಪತನಾನಂತರ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಮೂರು ಸಂಪುಟಗಳ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಇವನೇ. ಚರಿತ್ರಕಾರರು ಪದೇ ಪದೇ ಉದ್ಧರಿಸುವ ಈ ಲೇಖಕ ಮೂಲತಃ ಸಸ್ಯಶಾಸ್ತ್ರಜ್ಞನೆಂಬುದನ್ನೂ, ಹೋರ್ಟಸ್ ಮಲಬಾರಿಕಸ್‌ಗೆ ವ್ಯಾಖ್ಯಾನ ಬರೆದವನೆಂಬುದನ್ನೂ ನಾವು ಮರೆಯುತ್ತೇವೆ.

4

ಲಿನೇಯಸ್ ಹೆಸರು ಕೊಟ್ಟನೇ ಹೊರತು ಕುಟುಂಬವನ್ನು ಕೂಡಿಸಲಿಲ್ಲ. ಅವನ ಪದ್ಧತಿ ಹೂವಿನ ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸುವ ಪದ್ಧತಿ. ಆ ಲೆಕ್ಕದಂತೆ ಕಳ್ಳಿ ‘ಹನ್ನೆರಡು ಕೇಸರಗಳ’ ವರ್ಗಕ್ಕೆ ಹೋಯಿತು. ಔಡಲ, ಮರಹರಳು, ಜಾಪಾಳಗಳು ಗಂಡುಹೂ ಹೆಣ್ಣುಹೂಗಳು ಒಂದೇ ಗಿಡದಲ್ಲಿ ಬೇರೆಬೇರೆಯಾಗಿರುವ ಮತ್ತೊಂದು ವರ್ಗಕ್ಕೆ ಹೋದವು. ಒಡಹುಟ್ಟಿದವರು ಎರಡು ಊರುಗಳ ಪಾಲಾದಂತಾಯಿತು.

ತಪ್ಪು ನಡೆದದ್ದು ಕಳ್ಳಿಯ ಹೂವನ್ನು ಓದುವುದರಲ್ಲಿ. ನಾವು ಒಂದು ಹೂವೆಂದು ತಿಳಿಯುವುದು ಅಲ್ಲಿ ಒಂದು ಹೂವಲ್ಲ. ಅದೊಂದು ಪುಟ್ಟ ಬಟ್ಟಲು. ಅದರ ನಡುವೆ ಒಂದೇ ಒಂದು ಹೆಣ್ಣುಹೂ, ದಳವಿಲ್ಲದೆ ಬರಿಯ ಅಂಡಾಶಯವಾಗಿ ನಿಂತಿರುತ್ತದೆ. ಅದರ ಸುತ್ತ ಹಲವು ಗಂಡುಹೂಗಳು, ಒಂದೊಂದೂ ಒಂದೇ ಕೇಸರದಷ್ಟಕ್ಕೆ ಕುಗ್ಗಿರುತ್ತವೆ. ಬಟ್ಟಲಿನ ಅಂಚಿನಲ್ಲಿ ಮಕರಂದದ ಗ್ರಂಥಿಗಳು. ಗ್ರೀಕಿನಲ್ಲಿ ಬಟ್ಟಲೆಂಬರ್ಥದ ಮಾತಿನಿಂದ ಇದನ್ನು ಸಯಾಥಿಯಮ್ ಎನ್ನುತ್ತಾರೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಲಿನೇಯಸ್ ಸಮಾಸವನ್ನು ಒಂದೇ ಪದವೆಂದು ಭಾವಿಸಿದ. 1814ರಲ್ಲಿ ರಾಬರ್ಟ್ ಬ್ರೌನ್ ಪ್ರತಿಯೊಂದು ‘ಕೇಸರ’ದ ಕಡ್ಡಿಯಲ್ಲಿಯೂ ಒಂದು ಸಂಧಿ ಇರುವುದನ್ನು ಎತ್ತಿ ತೋರಿಸಿದ. ಸಂಧಿಯ ಕೆಳಗಿರುವುದು ಹೂವಿನ ತೊಟ್ಟು, ಮೇಲಿರುವುದು ಕೇಸರ. ಆದ್ದರಿಂದ ಪ್ರತಿಯೊಂದೂ ಒಂದು ಪ್ರತ್ಯೇಕ ಹೂವು. ಇಷ್ಟು ಚಿಕ್ಕ ಗಂಟಿನಿಂದ ಇಡೀ ವಿಗ್ರಹವಾಕ್ಯ ತೆರೆದುಕೊಂಡಿತು. ಸಂಧಿ ಬಿಡಿಸಲು ಕಲಿತ ನಮ್ಮ ಪೈಕಿಯವರಿಗೆ ಈ ಘಟನೆ ವಿಶೇಷ ಸಂತೋಷವನ್ನು ಕೊಡಬೇಕು.

ಡಿಸೆಂಬರಿನಲ್ಲಿ ಉತ್ತರದ ನಗರಗಳ ನರ್ಸರಿಗಳಲ್ಲಿ ಮಾರಾಟಕ್ಕಿಡುವ ಪಾಯಿನ್‌ಸೆಟಿಯದಲ್ಲಿ ಇದನ್ನು ಬರಿಗಣ್ಣಿನಿಂದಲೇ ನೋಡಬಹುದು. ಕೆಂಪಗೆ ಹರಡಿಕೊಂಡಿರುವುವು ದಳಗಳಲ್ಲ, ಬಣ್ಣ ತಳೆದ ಎಲೆಗಳು. ನಡುವೆ ಹಳದಿ ಗ್ರಂಥಿಯುಳ್ಳ ಹಸಿರು ಬಟ್ಟಲುಗಳೇ ನಿಜವಾದ ಹೂಗೊಂಚಲು. ಈ ಗಿಡ ಮೆಕ್ಸಿಕೊದ್ದು. 1825ರಿಂದ 1829ರವರೆಗೆ ಅಲ್ಲಿ ಅಮೆರಿಕದ ರಾಜಪ್ರತಿನಿಧಿಯಾಗಿದ್ದ ಪಾಯಿನ್‌ಸೆಟ್ಟನ ಹೆಸರನ್ನು ಹೊತ್ತಿದೆ. ಕುಂಡಗಳಲ್ಲಿ ವರ್ಷವಿಡೀ ಕೆಂಪು ಹೂ ಬಿಡುವ ಮುಳ್ಳಿನ ಪೊದೆ, ಯೂಫೋರ್ಬಿಯ ಮಿಲಿಯೈ, ಮಡಗಾಸ್ಕರಿನದು. ಬಣ್ಣದ ಎಲೆಗಳಿಗಾಗಿ ಬೆಳೆಸುವ ‘ಕ್ರೋಟನ್’ ಆಗ್ನೇಯ ದ್ವೀಪಗಳಿಂದ ಬಂದದ್ದು. ಅದರ ಶಾಸ್ತ್ರೀಯ ನಾಮ ಕೋಡಿಯಮ್. ನಿಜವಾದ ಕ್ರೋಟನ್ ಜಾತಿಗೆ ಸೇರಿದ್ದು ನಮ್ಮ ಜಾಪಾಳ. ಒಟ್ಟಿನಲ್ಲಿ ಈ ಕುಟುಂಬದಲ್ಲಿ ಹೆಸರುಗಳು ತಪ್ಪು ವಿಳಾಸಕ್ಕೆ ಸೇರುವುದು ನಮ್ಮ ದೇಶಕ್ಕಷ್ಟೇ ಸೀಮಿತವಾದ ದೋಷವಲ್ಲ.

ಫ್ರಾನ್ಸಿನ ಆಂಟ್ವಾನ್ ಲೋರಾನ್ ದ ಜ್ಯೂಸಿಯೂ 1789ರಲ್ಲಿ ಚದರಿದವರನ್ನು ಒಂದು ಗಣವಾಗಿ ಕೂಡಿಸಿದ. ಮೂರು ಕೋಣೆಗಳಾಗಿ ಒಡೆಯುವ ಕಾಯಿ ಈ ಗಣದ ಮುಖ್ಯ ಗುರುತು. ಔಡಲದ ಕಾಯಿಯನ್ನು ಬಿಡಿಸಿದವರಿಗೆಲ್ಲ ಅದು ಗೊತ್ತು. ಅವನ ಮಗ ಏಡ್ರಿಯನ್ 1824ರಲ್ಲಿ ಈ ಕುಟುಂಬವನ್ನೇ ಕುರಿತು ಪ್ರಬಂಧ ಬರೆದ. ಅದರ ಶೀರ್ಷಿಕೆಯಲ್ಲಿ ಜಾತಿಗಳೊಡನೆ ಅವುಗಳ ಔಷಧೀಯ ಶಕ್ತಿಯ ಪ್ರಸ್ತಾಪವೂ ಇದೆ. ಚರಕಸಂಹಿತೆಯ ದಾರಿ ಮತ್ತು ಪ್ಯಾರಿಸಿನ ದಾರಿ ಇಲ್ಲಿ ಒಂದು ಕ್ಷಣ ಕೂಡಿಕೊಳ್ಳುತ್ತವೆ. ಆ ಬಳಿಕ 1860ರ ದಶಕದಲ್ಲಿ ಬ್ವಾಸಿಯೇ ಮತ್ತು ಮ್ಯುಲರ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಕ್ಸ್ ಮತ್ತು ಹಾಫ್‌ಮನ್, 1975ರಲ್ಲಿ ಗ್ರೇಡಿ ವೆಬ್‌ಸ್ಟರ್ ಇವರು ಒಳವಿಭಾಗಗಳನ್ನು ತಿದ್ದುತ್ತ ಬಂದರು. ವೆಬ್‌ಸ್ಟರ್ ಐದು ಉಪಕುಟುಂಬಗಳನ್ನು ಮಾಡಿದ. ಅಂಡಾಶಯದ ಪ್ರತಿ ಕೋಣೆಯಲ್ಲಿ ಒಂದೇ ಅಂಡಕವಿರುವುವು ಒಂದು ಕಡೆ, ಎರಡೆರಡು ಇರುವುವು ಇನ್ನೊಂದು ಕಡೆ ಎಂಬ ಭೇದ ಆಗಲೇ ಸ್ಪಷ್ಟವಾಗಿತ್ತು. ವಂಶವಾಹಿಗಳ ಪರೀಕ್ಷೆ ಬಂದ ಮೇಲೆ ಈ ಎರಡನೆಯ ಬಣ ಮನೆ ಬಿಟ್ಟು ಹೋಯಿತು. 2003ರ ಪರಿಷ್ಕೃತ ವರ್ಗೀಕರಣದಲ್ಲಿ ಫಿಲ್ಲಾಂಥೇಸೀ ಬೇರೆಯೇ ಕುಟುಂಬ. ನೆಲ್ಲಿ, ನೆಲನೆಲ್ಲಿಗಳು ಅದಕ್ಕೆ ಸೇರುತ್ತವೆ. ನೆಲ್ಲಿಯನ್ನು ಯೂಫೋರ್ಬಿಯೇಸೀ ಎನ್ನುವ ನಮ್ಮ ಹಳೆಯ ಕೋಶಗಳು ಬರೆದ ಕಾಲಕ್ಕೆ ಸರಿಯಾಗಿಯೇ ಇದ್ದವು. ಈಗ ಅವುಗಳನ್ನು ನಕಲು ಮಾಡುವವರದೇ ತಪ್ಪು. ಜಗತ್ತಿನಲ್ಲಿಯೇ ಅತಿ ದೊಡ್ಡ ಹೂವಿನ ರಫ್ಲೀಸಿಯ ಎಂಬ ಪರಾವಲಂಬಿ ಸಸ್ಯ ಈ ಅತಿ ಚಿಕ್ಕ ಹೂಗಳ ವಂಶದಲ್ಲಿಯೇ ಹುಟ್ಟಿದ್ದೆಂದು 2007ರಲ್ಲಿ ತಿಳಿದುಬಂದದ್ದು ಮತ್ತೊಂದು ಬೆರಗು.

5

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಈ ಗಿಡಗಳಲ್ಲಿ ಯಾವುವು ಯಾವ ಕಾಲದಲ್ಲಿ ನಮ್ಮ ನೆಲದಲ್ಲಿದ್ದವು ಎಂಬುದು ಪಠ್ಯವ್ಯಾಖ್ಯಾನಕ್ಕೆ ಅತ್ಯಗತ್ಯ.

ಪಾಪಾಸುಕಳ್ಳಿ ಈ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಅದು ಕ್ಯಾಕ್ಟಸ್ ಕುಟುಂಬದ ಒಪುಂಟಿಯ. ಆ ಜಾತಿಯ ಪ್ರಭೇದಗಳೆಲ್ಲ ಅಮೆರಿಕ ಖಂಡದವು. 1492ಕ್ಕೆ ಮೊದಲು ಅವು ಈ ದೇಶದಲ್ಲಿರಲಿಲ್ಲ. ನೀರಿಲ್ಲದ ನೆಲದಲ್ಲಿ ಬಾಳುವ ಎರಡು ಬೇರೆ ವಂಶಗಳು ಎರಡು ಖಂಡಗಳಲ್ಲಿ ಒಂದೇ ರೂಪವನ್ನು ತಳೆದಿವೆ. ಬೇರ್ಪಡಿಸುವ ಗುರುತುಗಳು ಸುಲಭ. ನಮ್ಮ ಮುಳ್ಳುಗಳ್ಳಿಗಳಲ್ಲಿ ಗೀರಿದರೆ ಹಾಲು ಸುರಿಯುತ್ತದೆ, ಮುಳ್ಳುಗಳು ಸಾಮಾನ್ಯವಾಗಿ ಜೋಡಿಜೋಡಿ, ಹೂ ಸಣ್ಣದು. ಪಾಪಾಸುಕಳ್ಳಿಯಲ್ಲಿ ಲೋಳೆಯಾದ ನೀರು, ಮುಳ್ಳುಗಳು ಗೊಂಚಲು, ಹೂ ದೊಡ್ಡದು, ದಳಗಳು ಎದ್ದುಕಾಣುವಂಥವು.

ಹೊಸ ಗಿಡ ಬಂದಾಗ ಭಾರತೀಯ ಭಾಷೆಗಳು ಹಳೆಯ ಹೆಸರನ್ನೇ ವಿಶೇಷಣ ಹಚ್ಚಿ ಬಳಸಿಕೊಂಡವು. ತೆಲುಗಿನ ನಾಗಜೆಮುಡು, ಮರಾಠಿಯ ಫಡ್ಯಾ ನಿವಡುಂಗ, ಹಿಂದಿಯ ನಾಗಫನಿ ಇವುಗಳಲ್ಲೆಲ್ಲ ಹಾವಿನ ಹೆಡೆ ಕಾಣುತ್ತದೆ. ಕನ್ನಡ, ತಮಿಳುಗಳಿಗೆ ಕಂಡದ್ದು ಪಾದರಕ್ಷೆ. ನಮ್ಮ ‘ಪಾಪಾಸು’ ಪಾರಸಿಯ ಪಾಪೋಶ್. ತಮಿಳಿನ ‘ಸಪ್ಪಾತ್ತುಕಳ್ಳಿ’ಯಲ್ಲಿರುವುದು ಪೋರ್ಚುಗೀಸರ ಸಪಾತು. ಎರಡಕ್ಕೂ ಕೆರ, ಚಪ್ಪಲಿ ಎಂದೇ ಅರ್ಥ. ಚಪ್ಪಟೆಯಾದ ಆ ಹಸಿರು ಅಂಗಗಳನ್ನು ನೋಡಿದರೆ ಇದು ಸಹಜವೇ. ಪರದೇಶದ ಗಿಡಕ್ಕೆ ನೆರೆಹೊರೆಯ ಎರಡು ದ್ರಾವಿಡ ಭಾಷೆಗಳು ಎರಡು ಬೇರೆ ಪರದೇಶಗಳ ಚಪ್ಪಲಿಯನ್ನು ತೊಡಿಸಿದವು. ತಮಿಳು ಹೆಸರು ಈಗ ಜನರ ಬಾಯಲ್ಲಿ ಸಪ್ಪಾತ್ತಿಯಾಗಿ, ಅದಕ್ಕೂ ಗೋಧಿಯ ಚಪಾತಿಗೂ ಸಂಬಂಧ ಕಲ್ಪಿಸುವವರಿದ್ದಾರೆ! ಹೆಸರಿನ ಪೂರ್ವಪದವೇ ತನ್ನ ಕಾಲವನ್ನು ಹೇಳುವಾಗ ಅದನ್ನು ಹನ್ನೆರಡನೆಯ ಶತಮಾನದ ಗ್ರಂಥಕ್ಕೆ ಅರ್ಥವಾಗಿ ಬರೆದದ್ದು ನನ್ನಂಥವರ ಕುರುಡು. ಸಂಗಂ ಸಾಹಿತ್ಯದಲ್ಲಿ ಪಾಲೈ ಎಂಬ ಬೆಂಗಾಡಿನ ವರ್ಣನೆಗಳಲ್ಲಿ ಕಳ್ಳಿ ಬರುತ್ತದೆ; ಅಲ್ಲಿಯೂ ಅದು ಹಾಲುಳ್ಳ ಈ ನೆಲದ ಕಳ್ಳಿಯೇ.

ಪಾಪಾಸುಕಳ್ಳಿಯ ಹರಡುವಿಕೆ ಇತ್ತೀಚಿನ ಚರಿತ್ರೆಯ ಭಾಗ. ಕೆಂಪು ಬಣ್ಣ ಕೊಡುವ ಕಾಚಿನೀಲ್ ಕೀಟವನ್ನು ಅದರ ಮೇಲೆ ಸಾಕುವ ಆಸೆ ಈಸ್ಟ್ ಇಂಡಿಯಾ ಕಂಪನಿಗಿತ್ತು. ಮದರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಅದಕ್ಕಾಗಿ ತೋಟವನ್ನೇ ಮಾಡಿಸಿದ. 1795ರಲ್ಲಿ ಬ್ರೆಜಿಲಿನಿಂದ ಬಂದ ಕೀಟ ಕೀಳು ತಳಿಯದಾಗಿ ಬಣ್ಣದ ಉದ್ಯಮ ಕುದುರಲಿಲ್ಲ, ಆದರೆ ಆ ಹುಳು ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಬಗೆಗಳು ದಕ್ಷಿಣದ ಹೊಲಗಳನ್ನು ಆಕ್ರಮಿಸಿದಾಗ 1926ರಲ್ಲಿ ಸಿಂಹಳದಿಂದ ಇನ್ನೊಂದು ಕೀಟವನ್ನು ತರಿಸಬೇಕಾಯಿತು. ಅಮೆರಿಕದಿಂದ ಬಂದ ತರಕಾರಿಗಳ ಕಥೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಹೇಳಿದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ನಮ್ಮ ಬಿ.ಜಿ.ಎಲ್. ಸ್ವಾಮಿ. ಬೇಲಿಯಲ್ಲಿರುವ ದಕ್ಷಿಣ ಅಮೆರಿಕದ ಕಥೆಯೂ ಹಾಗೆಯೇ ಬರೆಯಬೇಕಾದುದು.

ಹರಳಿನ ವಿಷಯ ಇದಕ್ಕಿಂತ ಸೂಕ್ಷ್ಮ. ಔಡಲ ಈಶಾನ್ಯ ಆಫ್ರಿಕದ ಗಿಡವಾದರೂ ಅತಿ ಪ್ರಾಚೀನ ಕಾಲದಲ್ಲಿಯೇ ಇಲ್ಲಿ ನೆಲೆಸಿದೆ. ಏರಂಡ, ಪಂಚಾಂಗುಲ, ಗಂಧರ್ವಹಸ್ತ ಎಂಬ ಸಂಸ್ಕೃತ ಹೆಸರುಗಳು ಅದರ ಹಳಮೆಗೆ ಸಾಕ್ಷಿ. ಲ್ಯಾಟಿನ್ನಿನ ರಿಸಿನಸ್, ಗ್ರೀಕಿನ ಕ್ರೋಟನ್ ಎರಡಕ್ಕೂ ಉಣ್ಣೆಹುಳು ಎಂದರ್ಥ. ಬೀಜದ ಆಕಾರ ಅದಕ್ಕೆ ಕಾರಣ. ಅದೇ ಬೀಜ ಕನ್ನಡದಲ್ಲಿ ಹರಳು. ಮಣಿ, ಕಲ್ಲುಚೂರು ಎಂಬ ಅರ್ಥಗಳೂ ಈ ಮಾತಿಗಿರುವುದರಿಂದ ಸಂದರ್ಭವಿಲ್ಲದೆ ಅರ್ಥ ನಿಶ್ಚಯಿಸುವಂತಿಲ್ಲ. ಆದರೆ ‘ಮರಹರಳು’, ‘ಕಾಡುಹರಳು’ ಎಂದು ಈಗ ಕರೆಯುವ ಜಟ್ರೋಫ ಕರ್ಕಸ್ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಅದು ಆಫ್ರಿಕಕ್ಕೂ ಏಷ್ಯಕ್ಕೂ ಬಂದಿತು. ಮಲಯಾಳದಲ್ಲಿ ಅದು ‘ಕಡಲಾವಣಕ್ಕು’, ಅಂದರೆ ಕಡಲ ಔಡಲ. ಮರಾಠಿಯಲ್ಲಿ ‘ಮೊಗಲೀ ಎರಂಡ’. ಒಂದು ಹೆಸರು ಅದು ಬಂದ ದಾರಿಯನ್ನು ಸೂಚಿಸಿದರೆ ಇನ್ನೊಂದು ಕಾಲವನ್ನು ಸೂಚಿಸುವಂತಿದೆ. ತೆಲುಗಿನಲ್ಲಿ ಇದನ್ನು ‘ನೇಪಾಳಮು’ ಎನ್ನುವುದುಂಟು. ಕನ್ನಡದಲ್ಲಿ ನೇಪಾಳ ಎಂದರೆ ಜಾಪಾಳ. ಹೈದರಾಬಾದಿನಲ್ಲಿ ಕುಳಿತು ತೆಲುಗು ವೈದ್ಯಗ್ರಂಥವನ್ನು ಕನ್ನಡದೊಡನೆ ಹೋಲಿಸುವ ಸಂಶೋಧಕ ವಿದ್ಯಾರ್ಥಿ ಇಲ್ಲಿ ಎಡವದಿರುವುದು ಕಷ್ಟ. ಜಾಪಾಳದ ಮಾತ್ರೆಯ ಪ್ರಭಾವವನ್ನು ಬಲ್ಲವರಿಗೆ ಈ ಎಡವು ಬರಿಯ ಪದಚರ್ಚೆಯಲ್ಲ.

ಮಧ್ಯಕಾಲೀನ ಗ್ರಂಥವೊಂದರಲ್ಲಿ ಮರಹರಳು ಎಂದು ಬಂದರೆ ಮೂರು ಸಾಧ್ಯತೆಗಳಿವೆ. ಎತ್ತರವಾಗಿ ಬೆಳೆದ ಬಹುವಾರ್ಷಿಕ ಔಡಲವೇ ಅದಾಗಿರಬಹುದು. ಹೆಸರು ಮೊದಲಿದ್ದು ಅನಂತರ ಹೊಸ ಗಿಡಕ್ಕೆ ವರ್ಗವಾಗಿರಬಹುದು. ಇಲ್ಲವೇ ಆ ಭಾಗ ಹದಿನಾರನೆಯ ಶತಮಾನದ ಈಚೆಗೆ ಸೇರಿದ ಪ್ರಕ್ಷಿಪ್ತವಾಗಿರಬಹುದು. ವೈದ್ಯಗ್ರಂಥಗಳ ಓಲೆಪ್ರತಿಗಳಲ್ಲಿ ಈ ಮೂರನೆಯದು ಬಹಳ ಸಂಭವನೀಯ, ಏಕೆಂದರೆ ಅವುಗಳನ್ನು ಬಳಸುತ್ತಿದ್ದ ವೈದ್ಯರೇ ನಕಲು ಮಾಡುತ್ತ ತಮ್ಮ ಅನುಭವದ ಯೋಗಗಳನ್ನು ಸೇರಿಸುತ್ತಿದ್ದರು. ಸ್ಥಾವರ, ಜಂಗಮ ವಿಷಗಳನ್ನು ವಿವರಿಸುವ ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ಗ್ರಂಥಗಳ ಪ್ರತಿಗಳನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಗಿಡದ ತವರು ಇಲ್ಲಿ ಕಾಲನಿರ್ಣಯದ ಸಾಧನವಾಗುತ್ತದೆ.

ಈ ಸಾಧನವನ್ನು ಬಳಸುವಾಗ ಆತುರ ಕೂಡದು. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂದೂ, ಆದ್ದರಿಂದ ಕೊಲಂಬಸನಿಗೆ ಮೊದಲೇ ಅಮೆರಿಕದ ಸಸ್ಯಗಳು ಇಲ್ಲಿದ್ದುವೆಂದೂ 1989ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ವಾದಿಸಿದರು. 1993ರಲ್ಲಿ ಪಾಯಕ್ ಮತ್ತು ಸಚನ್ ಅದನ್ನು ಅದೇ ಪತ್ರಿಕೆಯಲ್ಲಿ ನಿರಾಕರಿಸಿದರು. ನನಗೆ ನಿರಾಕರಣೆಯೇ ಸಮಂಜಸವೆನಿಸಿದೆ. ಶಿಲ್ಪಿ ಕೆತ್ತಿದ ಆಭರಣಾಕೃತಿಯನ್ನು ತೆನೆಯೆಂದು ಓದುವುದಕ್ಕೂ ಕವಿಯ ಕಳ್ಳಿಯನ್ನು ಪಾಪಾಸುಕಳ್ಳಿಯೆಂದು ಓದುವುದಕ್ಕೂ ಹೆಚ್ಚಿನ ಅಂತರವಿಲ್ಲ. ಎರಡರಲ್ಲಿಯೂ ನೋಡುವವನ ಹೊಲದ ಬೆಳೆಯೇ ಕಾಣಿಸಿಕೊಂಡಿರುತ್ತದೆ.

ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. ಎಲೆಗಳ್ಳಿ, ಜಡೆಗಳ್ಳಿ, ಮುಂಡುಗಳ್ಳಿ, ಬೊಂತೆಗಳ್ಳಿ ಎಂಬ ಹೆಸರುಗಳು ಕರ್ನಾಟಕದ ಒಳಗೇ ಜಿಲ್ಲೆಯಿಂದ ಜಿಲ್ಲೆಗೆ ಗಿಡ ಬದಲಾಯಿಸುತ್ತವೆ. ಮರಾಠಿಯ ಶೇರ್ ಯಾವುದು, ನಿವಡುಂಗ ಯಾವುದು, ತಮಿಳಿನ ಚದುರಕ್ಕಳ್ಳಿ ಯಾವುದು, ಬಂಗಾಳದಲ್ಲಿ ಮನಸಾದೇವಿಯ ಪೂಜೆಗೆ ನಡುವ ಸಿಜ್ ಯಾವುದು ಎಂಬುದನ್ನು ಗಿಡದ ಎದುರು ನಿಂತು ಕೇಳಿ ಬರೆದುಕೊಳ್ಳಬಲ್ಲವರು ಆಯಾ ಭಾಷೆಯ ನಡುವೆ ಬಾಳುವವರೇ. ಅಂಥ ಟಿಪ್ಪಣಿಗಳನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಕೋಷ್ಟಕವಾಗಿ ಅಚ್ಚುಮಾಡುವ ಉದ್ದೇಶವಿದೆ. ಗಿಡದ ಒಂದು ಛಾಯಾಚಿತ್ರ, ಗೀರಿದಾಗ ಹಾಲು ಬಂದಿತೇ ಇಲ್ಲವೇ ಎಂಬ ವಿವರ, ಹೆಸರು ಹೇಳಿದವರ ಊರು ಇಷ್ಟಿದ್ದರೆ ಸಾಕು. ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಬೇಕು. ಅದು ಕಣ್ಣಿಗೆ ಬಹಳ ಕೆಟ್ಟದ್ದು.

ನನ್ನ ಅರ್ಥಕೋಶದ ಎರಡನೆಯ ಮುದ್ರಣಕ್ಕಾಗಿ ಆ ಉಲ್ಲೇಖವನ್ನು ಹೀಗೆ ತಿದ್ದಿಕೊಟ್ಟಿದ್ದೇನೆ: ಕಳ್ಳಿ: ಹಾಲುಳ್ಳ ಮುಳ್ಳುಗಿಡ, ಸ್ನುಹಿ, ಯೂಫೋರ್ಬಿಯ ಜಾತಿಯ ಹಲವು ಪ್ರಭೇದಗಳಿಗೆ ಸಾಮಾನ್ಯ ಹೆಸರು, ಇಲ್ಲಿ ಯಾವುದೆಂದು ನಿಶ್ಚಿತವಾಗದು, ಪಾಪಾಸುಕಳ್ಳಿ ಅಲ್ಲ.